ಮೊಗೆಯುವವರ ಮುಖ

ಯೆಶಾಯನ ಗ್ರಂಥದ 12ನೆಯ ಅಧ್ಯಾಯದಲ್ಲಿ ಇರುವುದು ಆರೇ ವಚನ. ರಕ್ಷಣೆಯ ನೀರನ್ನು ಉಲ್ಲಾಸದಿಂದ ತುಂಬಿಕೊಳ್ಳುವ ಕಾಲ ಬರುತ್ತದೆ ಎಂಬುದು ಮೂರನೆಯದರ ತಾತ್ಪರ್ಯ. ಅದನ್ನು ಓದಿದಾಗೆಲ್ಲ ನನಗೆ ನೆನಪಾಗುತ್ತಿದ್ದುದು ನಮ್ಮ ಹಿತ್ತಿಲ ಬಾವಿ: ಕಿರುಗುಟ್ಟುವ ರಾಟೆ, ಅಂಗೈ ಉರಿಸುವ ಹಗ್ಗ, ಮೇಲೆ ಬರುವಷ್ಟರಲ್ಲಿ ತುಳುಕಿ ಮುಕ್ಕಾಲಾಗುವ ಕೊಡ. ಬೇಸಿಗೆಯಲ್ಲಿ ಅಲ್ಲಿ ನೀರು ಸೇದುವವರ ಮುಖದಲ್ಲಿ ನಾನಂತೂ ಉಲ್ಲಾಸ ಕಂಡವನಲ್ಲ.

ಆಮೇಲೆ ತಿಳಿಯಿತು, ಮೂಲದಲ್ಲಿರುವ ಹೀಬ್ರೂ ಪದ ಬಾವಿಯದಲ್ಲ. ತೋಡಿದ ಬಾವಿಗೆ ಆ ಭಾಷೆಯಲ್ಲಿ ‘ಬೇರ್’ ಎನ್ನುತ್ತಾರೆ; ಬೇರ್ಷೆಬ ಎಂಬ ಊರಿನ ಹೆಸರಲ್ಲಿ ಅದೇ ಇದೆ. ಇಲ್ಲಿರುವುದು ‘ಮಾಯಾನ್’, ತಾನಾಗಿ ಉಕ್ಕುವ ಒರತೆ. ಅಲ್ಲಿನ ಕ್ರಿಯಾಪದ ಎರಡಕ್ಕೂ ಸಲ್ಲುತ್ತದೆ, ಆದರೆ ಕನ್ನಡ ಒಂದನ್ನು ಆರಿಸಿಕೊಳ್ಳಲೇಬೇಕು. ಬಾವಿಯಿಂದ ಸೇದುತ್ತೇವೆ, ಒರತೆಯಿಂದ ಮೊಗೆಯುತ್ತೇವೆ. ಮೊಗೆಯಲು ಬಾಗಿದರೆ ಸಾಕು. ಕ್ರೈಸ್ತರು ಕೃಪೆ ಎನ್ನುವುದೆಲ್ಲ ಈ ಎರಡು ಮಾತುಗಳ ನಡುವಿನ ಅಂತರದಲ್ಲಿದೆ ಎಂದು ನನಗೆ ಅನ್ನಿಸುತ್ತದೆ.

ವಚನ ‘ಸಂತೋಷಪಡಿ’ ಎಂದು ಗದರುವುದಿಲ್ಲ, ಸಂತೋಷದಿಂದ ಮೊಗೆಯುವಿರಿ ಎಂದು ಮಾತು ಕೊಡುತ್ತದೆ. ಚಪ್ಪಾಳೆ ಸಾಲದು, ಇನ್ನೂ ಜೋರಾಗಿ ಎಂದು ಸಭೆಯನ್ನು ಹುರಿದುಂಬಿಸುವ ಬೋಧಕರು ಇದನ್ನು ಗಮನಿಸಿದ್ದರೆ ಚೆನ್ನಿತ್ತು. ಅಧ್ಯಾಯ ಶುರುವಾಗುವುದೂ ನಗುವಿನಿಂದಲ್ಲ. ದೇವರು ನನ್ನ ಮೇಲೆ ಮುನಿದಿದ್ದ, ಆ ಮುನಿಸು ಇಳಿಯಿತು ಎಂಬ ಒಬ್ಬನ ನಿಟ್ಟುಸಿರಿನಿಂದ. ಮೊದಲೆರಡು ವಚನಗಳಲ್ಲಿ ಮಾತಾಡುವವನು ಒಬ್ಬನೇ. ಮೂರನೆಯದಕ್ಕೆ ಬರುವಾಗ ‘ನೀವು’ ಬಹುವಚನವಾಗುತ್ತದೆ, ಒರತೆಯೂ ಒರತೆಗಳಾಗುತ್ತದೆ.

ಯೆಶಾಯನ ಊರು ಯೆರೂಸಲೇಮಿಗೆ ಇಂಥದೊಂದು ಒರತೆ ನಿಜಕ್ಕೂ ಇತ್ತು, ಗೀಹೋನ್. ಅದರ ನೀರು ಒಮ್ಮೆ ಉಕ್ಕಿ, ತಗ್ಗಿ, ಮತ್ತೆ ಉಕ್ಕುತ್ತಿತ್ತು. ಅರಸ ಹಿಜ್ಕೀಯನ ಕಾಲದ್ದೆಂದು ಹೇಳುವ, ಬಂಡೆಯಲ್ಲಿ ಕೊರೆದ ಸುಮಾರು 533 ಮೀಟರ್ ಸುರಂಗ ಅದನ್ನು ಸಿಲೋವದ ಕೊಳಕ್ಕೆ ಹರಿಸಿತು. ಎರಡೂ ತುದಿಯಿಂದ ಕೊರೆಯುತ್ತ ಬಂದವರು ನಡುವೆ ಪರಸ್ಪರರ ದನಿ ಕೇಳಿ ಕೂಡಿಕೊಂಡರೆಂದು 1880ರಲ್ಲಿ ಸಿಕ್ಕ ಶಾಸನ ಹೇಳುತ್ತದೆ. ಅಷ್ಟೆಲ್ಲ ಬೆವರು ಸುರಿಸಿಯೂ ಅವರು ಒಂದು ಹನಿ ನೀರನ್ನೂ ಹುಟ್ಟಿಸಲಿಲ್ಲ.

ಮುಂದೆ ಪರ್ಣಶಾಲೆಗಳ ಹಬ್ಬದಲ್ಲಿ ಯಾಜಕರು ಆ ಕೊಳದಿಂದಲೇ ಚಿನ್ನದ ಹೂಜಿಯಲ್ಲಿ ನೀರು ತಂದು, ಕೊಂಬು ಊದಿಸುತ್ತ ಬಲಿಪೀಠಕ್ಕೆ ಎರೆಯುತ್ತಿದ್ದರು. ರಾತ್ರಿ ದೇವಾಲಯದ ಸ್ತ್ರೀಯರ ಅಂಗಳದಲ್ಲಿ ದೊಡ್ಡ ದೀಪಗಳು. ಭಕ್ತಿಗೆ ಹೆಸರಾದ ಹಿರಿಯರೇ ಉರಿಯುವ ಪಂಜು ಹಿಡಿದು ಕುಣಿಯುತ್ತಿದ್ದರು. ದೀಪದ ಬತ್ತಿಗಳನ್ನು ಹೊಸೆಯುತ್ತಿದ್ದುದು ಯಾಜಕರು ಉಟ್ಟು ಸವೆಸಿದ ಚಲ್ಲಣ, ನಡುಕಟ್ಟುಗಳನ್ನು ಹರಿದು ಎನ್ನುತ್ತದೆ ಯೆಹೂದ್ಯರ ಪ್ರಾಚೀನ ಧರ್ಮನಿಯಮಗಳ ಸಂಗ್ರಹ ಮಿಷ್ನಾ. ಊರೆಲ್ಲ ಬೆಳಗುತ್ತಿದ್ದುದು ಹಳೇ ಬಟ್ಟೆಯಿಂದ!

ಇದೇ ಹಬ್ಬದ ಕೊನೆಯ ದಿನ ಯೇಸು ಎದ್ದುನಿಂತು, ಬಾಯಾರಿದವರು ತನ್ನ ಬಳಿಗೆ ಬಂದು ಕುಡಿಯಲಿ ಎಂದು ಕೂಗಿ ಕರೆದುದನ್ನು ಯೋಹಾನನು 7ನೆಯ ಅಧ್ಯಾಯದಲ್ಲಿ ಬರೆಯುತ್ತಾನೆ. ಯೆಶಾಯನ ವಚನದ ‘ಯೆಶುವಾ’, ಅಂದರೆ ರಕ್ಷಣೆ, ಮತ್ತು ಯೇಸುವಿನ ಹೆಸರು ಒಂದೇ ಧಾತುವಿನವು. ಹೀಬ್ರೂ ಬಲ್ಲ ಕ್ರೈಸ್ತನಿಗೆ ಆ ವಚನ ಓದುವಾಗಲೇ ಕರೆದವನ ಹೆಸರು ಕಿವಿಗೆ ಬೀಳುತ್ತದೆ.

ಎರಡು ಅಧ್ಯಾಯ ದಾಟಿದರೆ ಹುಟ್ಟುಕುರುಡನೊಬ್ಬ ಬರುತ್ತಾನೆ. ಯೇಸು ಅವನ ಕಣ್ಣಿಗೆ ಕೆಸರು ಹಚ್ಚಿ, ಸಿಲೋವಕ್ಕೆ ಹೋಗಿ ತೊಳೆದುಕೊ ಎಂದು ಕಳಿಸುತ್ತಾನೆ. ಹೋಗುವಾಗ ಕೊಳ ಕಾಣದವನು ಬರುವಾಗ ದಾರಿಯನ್ನೇ ಕಂಡುಕೊಂಡು ಬಂದ. ಅವನು ಕುಣಿದನೆಂದಾಗಲಿ ಹಾಡಿದನೆಂದಾಗಲಿ ಎಲ್ಲೂ ಬರೆದಿಲ್ಲ. ತಂದೆತಾಯಿ ಹೆದರಿ ಜಾರಿಕೊಂಡರು. ಫರಿಸಾಯರು ಮತ್ತೆ ಮತ್ತೆ ಕೆದಕಿದಾಗ, ನಿನ್ನೆಯವರೆಗೆ ಭಿಕ್ಷೆ ಬೇಡಿಕೊಂಡಿದ್ದ ಈ ಮನುಷ್ಯ, ಯಾಕೆ, ನಿಮಗೂ ಅವನ ಶಿಷ್ಯರಾಗುವ ಮನಸ್ಸಿದೆಯೋ ಎಂಬಂತೆ ಅವರನ್ನೇ ಕೆಣಕಿದ.