ಗಂಟೆ ಹೊಡೆದ ಮೇಲೆ

2019ರ ಮೇ 13, ಸೋಮವಾರ. ಅಮೆರಿಕದಲ್ಲಿ ಭಾನುವಾರ ರಾತ್ರಿ ಒಂಬತ್ತಾದಾಗ ನಮ್ಮಲ್ಲಿ ಬೆಳಗಿನ ಆರೂವರೆ. ಗೇಮ್ ಆಫ್ ಥ್ರೋನ್ಸ್‌ನ ಕೊನೆಯ ಸೀಸನ್ನಿನ ಐದನೇ ಎಪಿಸೋಡು, ‘ದ ಬೆಲ್ಸ್’, ಅದೇ ಹೊತ್ತಿಗೆ ಹಾಟ್‌ಸ್ಟಾರ್‌ನಲ್ಲಿ ಬಂತು. ಆಫೀಸಿನ ಮೊದಲ ಮೀಟಿಂಗಿಗೂ ಮುಂಚೆ ಎದ್ದು ನೋಡಿ ಮುಗಿಸುವ ಕಾಲ ಅದು. ನೋಡದೆ ಹೊರಟರೆ ಕ್ಯಾಬಿನಲ್ಲೇ ಯಾರಾದರೂ ಕಥೆ ಹೇಳಿಬಿಡುತ್ತಿದ್ದರು. (ಇನ್ನೂ ನೋಡಿಲ್ಲದವರು ಮುಂದೆ ಓದುವ ಮೊದಲು ಯೋಚಿಸಿ. ಇಷ್ಟು ವರ್ಷ ಆದಮೇಲೆ ನಾನಂತೂ ಗುಟ್ಟು ಕಾಯುವುದಿಲ್ಲ.)

ಆ ಎಪಿಸೋಡಿನಲ್ಲಿ ಆಗುವುದು ಇಷ್ಟು. ಡೆನೇರಿಸ್ ಟಾರ್ಗೇರಿಯನ್ ತನ್ನ ಡ್ರ್ಯಾಗನ್ ಏರಿ ಕಿಂಗ್ಸ್ ಲ್ಯಾಂಡಿಂಗ್ ನಗರದ ಮೇಲೆ ದಾಳಿ ಮಾಡುತ್ತಾಳೆ. ಕೋಟೆಬಾಗಿಲು ಒಡೆಯುತ್ತದೆ, ಶತ್ರುಸೈನಿಕರು ಕತ್ತಿ ಕೆಳಗಿಡುತ್ತಾರೆ, ಶರಣಾದ ಗುರುತಾಗಿ ನಗರದ ಗಂಟೆಗಳು ಹೊಡೆಯುತ್ತವೆ. ಗಂಟೆ ಹೊಡೆದರೆ ದಾಳಿ ನಿಲ್ಲಿಸು ಅಂತ ಟಿರಿಯನ್ ಮೊದಲೇ ಬೇಡಿಕೊಂಡಿರುತ್ತಾನೆ. ಅವಳು ನಿಲ್ಲಿಸುವುದಿಲ್ಲ. ಬೀದಿ ಬೀದಿಯಾಗಿ ಇಡೀ ಊರನ್ನು ಸುಡುತ್ತಾಳೆ.

ಅವತ್ತು ಎದ್ದ ಸಿಟ್ಟು ಸಾಮಾನ್ಯದ್ದಲ್ಲ. ಎಂಟನೇ ಸೀಸನ್ನನ್ನು ಕೆಲಸ ಬಲ್ಲ ಬರಹಗಾರರಿಂದ ಮತ್ತೆ ಬರೆಸಿ ತೆಗೆಯಿರಿ ಅಂತ ಒಂದು ಆನ್‌ಲೈನ್ ಅರ್ಜಿ ಓಡಾಡುತ್ತಿತ್ತು; ಈ ಎಪಿಸೋಡಿನ ನಂತರ ಅದಕ್ಕೆ ಸಹಿಗಳ ಮಹಾಪೂರ. ಕೊನೆಯ ಕಂತು ಬರುವ ಮೊದಲೇ 10 ಲಕ್ಷ ದಾಟಿತು, ಆಮೇಲೆ 18 ಲಕ್ಷ ಮೀರಿತು. ಪಾಪ ಅನ್ನಿಸಿದ್ದು ಇನ್ನೊಂದು ಗುಂಪಿನ ಬಗ್ಗೆ: ಹಿಂದಿನ ವರ್ಷ, 2018ರಲ್ಲಿ, ಅಮೆರಿಕದಲ್ಲಿ 500ಕ್ಕೂ ಹೆಚ್ಚು ಹೆಣ್ಣುಮಕ್ಕಳಿಗೆ ಡೆನೇರಿಸ್‌ಳ ಬಿರುದಾದ ‘ಖಲೀಸಿ’ ಎಂಬ ಹೆಸರಿಟ್ಟಿದ್ದರು. ಗುಲಾಮರ ಸಂಕೋಲೆ ಕಳಚಿದವಳ ಹೆಸರು ಅಂತ ಇಟ್ಟದ್ದು.

ನಾನು ಅರ್ಜಿಗೆ ಸಹಿ ಹಾಕಲಿಲ್ಲ. ನಮ್ಮ ಟೀಮಿನ ಗೆಳತಿಯೊಬ್ಬಳು ಹಾಕಿದ್ದಳು, ಮತ್ತೆ ನಾನು ಯಾಕೆ ಹಾಕಲ್ಲ ಅಂತ ಊಟದ ಹೊತ್ತಿನಲ್ಲಿ ಜಗಳಕ್ಕೇ ಬಂದಳು. “ಅಲ್ಲ ಕಣೋ, ಒಂದು ಮಗು ಸತ್ತಿದ್ದಕ್ಕೆ ತನ್ನ ಡ್ರ್ಯಾಗನ್‌ಗಳನ್ನೇ ಕತ್ತಲಲ್ಲಿ ಕಟ್ಟಿಹಾಕಿದವಳು ಅವಳು. ಅಂಥವಳು ಸಾವಿರಾರು ಮಕ್ಕಳನ್ನ ಸುಡ್ತಾಳೆ ಅಂದ್ರೆ ನಂಬೋಕಾಗತ್ತಾ? ಗಂಟೆ ಕೇಳಿಸ್ತು, ಹುಚ್ಚು ಹಿಡೀತು, ಅಷ್ಟೇನಾ?”

ವಾದ ಗಟ್ಟಿ ಇದೆ. ನಾಲ್ಕನೇ ಸೀಸನ್ನಿನ ಕೊನೆಯಲ್ಲಿ ಒಬ್ಬ ಬಡವ ಬಟ್ಟೆಯ ಗಂಟೊಂದನ್ನು ತಂದು ಅವಳ ಮುಂದೆ ಬಿಚ್ಚುತ್ತಾನೆ. ಒಳಗೆ ಸುಟ್ಟ ಮೂಳೆಗಳು. ಮೂರು ವರ್ಷದ ಮಗಳು, ಡ್ರೋಗಾನ್ ಸುಟ್ಟದ್ದು. ಡೆನೇರಿಸ್ ಆ ಮಗುವಿನ ಹೆಸರು ಕೇಳುತ್ತಾಳೆ. ಡ್ರೋಗಾನ್ ಕೈಗೆ ಸಿಗದೆ ಹಾರಿಹೋಗಿರುತ್ತದೆ. ಉಳಿದ ಎರಡನ್ನು ನೆಲಮಾಳಿಗೆಗೆ ಕರೆದೊಯ್ದು ಸರಪಳಿ ಬಿಗಿದು, ಅಳುತ್ತಾ ಹೊರಬರುತ್ತಾಳೆ. ಆ ಹೆಂಗಸು ಈ ಹೆಂಗಸಾಗಲು ಇನ್ನಷ್ಟು ದಾರಿ ಬೇಕಿತ್ತು. ಮೊದಲ ಆರು ಸೀಸನ್ನಿಗೆ ಹತ್ತು ಹತ್ತು ಎಪಿಸೋಡು ಕೊಟ್ಟವರು ಕೊನೆಯದಕ್ಕೆ ಆರೇ ಕೊಟ್ಟು ಕೈತೊಳೆದುಕೊಂಡರು. ಆತುರದ ಬರವಣಿಗೆ, ಒಪ್ಪಿದೆ.

ಆದರೆ ಬರೀ ಬರವಣಿಗೆಯ ದೋಷಕ್ಕೆ ಜನ ಹೀಗೆ ಎದೆ ಬಡಿದುಕೊಳ್ಳುವುದಿಲ್ಲ. ಅದೇ ಧಾರಾವಾಹಿಯಲ್ಲಿ, ಆರನೇ ಸೀಸನ್ನಿನ ಕೊನೆಗೆ, ಸರ್ಸಿ ಇಡೀ ಸೆಪ್ಟ್ ಆಫ್ ಬೇಲೋರ್ ದೇಗುಲವನ್ನು ಹಸಿರು ಬೆಂಕಿಯಲ್ಲಿ ಹಾರಿಸಿಬಿಡುತ್ತಾಳೆ. ಒಳಗಿದ್ದ ಶತ್ರುಗಳ ಜೊತೆ ಸುತ್ತಲಿನ ಬೀದಿಯ ಜನರೂ ಸಾಯುತ್ತಾರೆ. ಹಿನ್ನೆಲೆಯಲ್ಲಿ ಮೆಲ್ಲಗೆ ಪಿಯಾನೋ, ಕಿಟಕಿಯಲ್ಲಿ ವೈನ್ ಹಿಡಿದ ಸರ್ಸಿ. ಇಡೀ ಸರಣಿಯ ಅತ್ಯುತ್ತಮ ಇಪ್ಪತ್ತು ನಿಮಿಷ ಅಂತ ಅಭಿಮಾನಿಗಳು ಇವತ್ತಿಗೂ ಮತ್ತೆ ಮತ್ತೆ ಹಾಕಿಕೊಂಡು ನೋಡುತ್ತಾರೆ. ಅದಕ್ಕೆ ಯಾರೂ ಅರ್ಜಿ ಬರೆಯಲಿಲ್ಲ. ಅದೇ ನಗರ, ಅದೇ ಥರದ ಜನ, ಅದೇ ಬೆಂಕಿ. ಸುಟ್ಟವಳು ನಮ್ಮವಳಲ್ಲ, ಅಷ್ಟೇ ವ್ಯತ್ಯಾಸ.

ನಮ್ಮವಳು ಸುಟ್ಟಾಗ ಏನು ಮಾಡುತ್ತಿದ್ದೆವು? ಮೊದಲ ಸೀಸನ್ನಿನ ಕೊನೆಯಲ್ಲಿ ಗಂಡನ ಚಿತೆಯಿಂದ ಅವಳು ಮೂರು ಡ್ರ್ಯಾಗನ್ ಮರಿಗಳೊಂದಿಗೆ ಎದ್ದು ಬಂದದ್ದು ಎಲ್ಲರಿಗೂ ನೆನಪಿದೆ. ಆ ಚಿತೆಗೆ ಒಬ್ಬ ಹೆಂಗಸನ್ನು ಜೀವಂತ ಕಟ್ಟಿದ್ದರು. ಅವಳ ಹೆಸರು ಮಿರ್ರಿ ಮಾಜ್ ದೂರ್. ಅವಳ ಊರನ್ನು, ದೇಗುಲವನ್ನು ಸುಟ್ಟವರು, ಅವಳ ಮೈಮೇಲೆ ಕೈಮಾಡಿದವರು ಇದೇ ಗಂಡನ ದಂಡಿನವರು. ಅವನ ಗಾಯಕ್ಕೆ ಮದ್ದು ಹಾಕುವ ಸರದಿ ಬಂದಾಗ ಅವಳು ಸೇಡು ತೀರಿಸಿಕೊಂಡಳು. ಇದೇ ಸೇಡನ್ನು ಆರ್ಯ ಸ್ಟಾರ್ಕ್ ತೀರಿಸಿಕೊಂಡಾಗ, ಮಕ್ಕಳನ್ನು ಕೊಂದು ಕಡುಬಿನೊಳಗಿಟ್ಟು ಅಪ್ಪನಿಗೆ ಬಡಿಸಿದಾಗ, ನಾವು ಶಿಳ್ಳೆ ಹೊಡೆದೆವು. ಮಿರ್ರಿ ಮಾಟಗಾತಿ, ಆರ್ಯ ನಮ್ಮ ಹುಡುಗಿ.

ಕೊನೆಯ ಕಂತಿನಲ್ಲಿ ಟಿರಿಯನ್ ಸೆರೆಯಲ್ಲಿ ಕೂತು ಜಾನ್ ಸ್ನೋಗೆ ಹೆಚ್ಚುಕಡಿಮೆ ಇದನ್ನೇ ಹೇಳುತ್ತಾನೆ: ಅವಳು ಕೆಟ್ಟವರನ್ನು ಕೊಂದಾಗಲೆಲ್ಲ ನಾವು ಜೈಕಾರ ಹಾಕಿದೆವು ಎಂಬ ಅರ್ಥದಲ್ಲಿ. ಅದು ಅಭಿಮಾನಿಗಳಿಗೆ ಇನ್ನಷ್ಟು ಉರಿ ಹಚ್ಚಿತು. ಬರಹಗಾರರು ತಮ್ಮ ಗಡಿಬಿಡಿಯನ್ನು ಮುಚ್ಚಿಕೊಳ್ಳಲು ಬೈಗುಳವನ್ನು ನಮ್ಮ ಕಡೆ ತಿರುಗಿಸಿದರು ಅಂತ. ಅದೂ ಇರಬಹುದು. ಆದರೆ ಟಿರಿಯನ್ ಮಾತಿಗಿಂತ ನನ್ನನ್ನು ಹಿಡಿದು ನಿಲ್ಲಿಸುವುದು ಹಿಂದಿನ ಎಪಿಸೋಡಿನ ಕ್ಯಾಮೆರಾ.

ಇನ್ನೊಮ್ಮೆ ನೋಡುವವರು ಗಮನಿಸಿ. ಗಂಟೆ ಹೊಡೆಯುವಾಗ ಡೆನೇರಿಸ್‌ಳ ಮುಖ ಪರದೆ ತುಂಬ ಇದೆ. ಅವಳು ಮೇಲೆದ್ದು ಬೆಂಕಿ ಹಾಕಲು ಶುರು ಮಾಡಿದ ಮೇಲೆ ಎಪಿಸೋಡು ಮುಗಿಯುವ ತನಕ ಆ ಮುಖವನ್ನು ಹತ್ತಿರದಿಂದ ಮತ್ತೆ ತೋರಿಸುವುದೇ ಇಲ್ಲ. ಕ್ಯಾಮೆರಾ ಡ್ರ್ಯಾಗನ್ ಬೆನ್ನಿನಿಂದ ಇಳಿದು ಬೀದಿಗೆ ಬಂದಿದೆ. ಬೂದಿ ಮೆತ್ತಿದ ಆರ್ಯಳ ಜೊತೆ ಓಡುತ್ತದೆ, ಎಡವುತ್ತದೆ. ಒಬ್ಬ ತಾಯಿ, ಅವಳ ಮಗಳು. ಆರ್ಯ ಇಬ್ಬರನ್ನೂ ಉಳಿಸಲು ನೋಡುತ್ತಾಳೆ, ಆಗುವುದಿಲ್ಲ. ಕೊನೆಗೆ ಕಾಣುವುದು ತಬ್ಬಿಕೊಂಡೇ ಕರಕಲಾದ ಎರಡು ದೇಹ, ಮಗುವಿನ ಕೈಯಲ್ಲಿ ಒಂದು ಮರದ ಕುದುರೆ.

ಇದರ ಪಕ್ಕದಲ್ಲಿ ಮೂರನೇ ಸೀಸನ್ನಿನ ಅಸ್ಟಪೋರ್ ಇಟ್ಟು ನೋಡಿ. ಅಲ್ಲೂ ಒಂದು ಊರಿಗೆ ಬೆಂಕಿ ಬೀಳುತ್ತದೆ. ಚಾವಟಿ ಹಿಡಿದ ಪ್ರತಿಯೊಬ್ಬನನ್ನೂ ಕೊಲ್ಲಿ ಎಂದು ಅಪ್ಪಣೆಯಾಗುತ್ತದೆ. ಆದರೆ ಅಲ್ಲಿ ಕ್ಯಾಮೆರಾ ಅವಳ ಜೊತೆಗಿದೆ. ಸೈನ್ಯ ಹೊರಗೆ ಸಾಗುತ್ತದೆ, ಊರು ಅವಳ ಬೆನ್ನ ಹಿಂದೆ ಹೊಗೆಯಾಡುತ್ತದೆ. ಅಸ್ಟಪೋರಿನ ಬೀದಿಯಲ್ಲಿ ಒಂದು ಮಗು ಇತ್ತೋ ಇಲ್ಲವೋ, ನಾವು ನೋಡಲಿಲ್ಲ. ತೋರಿಸಲಿಲ್ಲ, ಹಾಗಾಗಿ ಕೇಳಲಿಲ್ಲ. ಮೇಲಿಂದ ನೋಡಿದರೆ ಅದು ರೌದ್ರ, ಮೈ ಜುಮ್ಮೆನ್ನುತ್ತದೆ. ಕೆಳಗಿಂದ ನೋಡಿದರೆ ಅದೇ ಭಯಾನಕ. ನಮ್ಮ ನ್ಯಾಯಪ್ರಜ್ಞೆ ಅಂತ ನಾವು ಕರೆಯುವುದರಲ್ಲಿ ಎಷ್ಟು ಪಾಲು ನಮ್ಮದು, ಎಷ್ಟು ಪಾಲು ಕ್ಯಾಮೆರಾ ಇಟ್ಟವನದ್ದು?

ಇದು ಎಚ್‌ಬಿಒ ಕಂಡುಹಿಡಿದದ್ದಲ್ಲ. ಕನ್ನಡದಲ್ಲಿ ಮಹಾಭಾರತ ಕೇಳಿ ಬೆಳೆದ ಯಾರನ್ನಾದರೂ ಕೇಳಿ, ಕರ್ಣನ ಸರ್ಪಾಸ್ತ್ರ ಗೊತ್ತು. ಕೃಷ್ಣ ರಥವನ್ನು ನೆಲಕ್ಕೆ ಅದುಮಿದ್ದು, ಕಿರೀಟ ಹಾರಿದ್ದು, ಇನ್ನೊಮ್ಮೆ ತೊಡು ಅಂತ ಸರ್ಪ ಬೇಡಿದರೂ ಕರ್ಣ ಒಪ್ಪದೇ ಹೋದದ್ದು. ಆ ಸರ್ಪಕ್ಕೆ ಅರ್ಜುನನ ಮೇಲೆ ಅಷ್ಟು ಹಗೆ ಯಾಕೆ ಅಂತ ಕೇಳಿದರೆ ಮಾತ್ರ ಬಹಳ ಜನ ತಡವರಿಸುತ್ತಾರೆ. ಅವನು ಅಶ್ವಸೇನ. ಖಾಂಡವವನ ಸುಟ್ಟ ದಿನ ಅವನ ತಾಯಿ ಮಗನನ್ನು ನುಂಗಿಕೊಂಡು ಹಾರಿ ಪಾರಾಗಲು ನೋಡಿದಳು, ಅರ್ಜುನನ ಬಾಣ ಅವಳ ತಲೆ ಕತ್ತರಿಸಿತು, ಮಗ ಹೇಗೋ ಉಳಿದ. ಕೃಷ್ಣಾರ್ಜುನರು ಕಾಡಿನ ಸುತ್ತ ಕಾವಲಿದ್ದು, ಉರಿಯಿಂದ ಹೊರಗೋಡಿ ಬರುತ್ತಿದ್ದ ಪ್ರಾಣಿಗಳನ್ನು ಹೊಡೆದು ಹೊಡೆದು ಕೆಡವಿದರು. ನಮಗೆ ಆ ಪ್ರಸಂಗ ಅಂದರೆ ಗಾಂಡೀವ ಸಿಕ್ಕಿದ ಕಥೆ. ಇರಾವತಿ ಕರ್ವೆ ‘ಯುಗಾಂತ’ದಲ್ಲಿ ಅದನ್ನು ಬೆಂಕಿಗೆ ಬಿದ್ದವರ ಕಡೆಯಿಂದ ನೋಡಿದಾಗ ಎಷ್ಟೋ ಓದುಗರಿಗೆ ಇರುಸುಮುರುಸಾಯಿತು.

ಹಳೆಯ ಕಥೆಗಾರ ಮಾಡಿದ ಒಂದು ಕೆಲಸ ನನಗೆ ಇಷ್ಟ. ಅವನು ಆ ಮರಿಯನ್ನು ಸಾಯಿಸಲಿಲ್ಲ. ಎಷ್ಟೋ ಪರ್ವಗಳ ಆಚೆ, ನಾವೆಲ್ಲ ಮರೆತ ಮೇಲೆ, ಬಾಣದ ತುದಿಯಲ್ಲಿ ಕೂರಿಸಿ ವಾಪಸು ಕಳಿಸಿದ.

“ಕಥೇನ ಕಥೆ ಥರ ನೋಡಪ್ಪ” ಅಂತ ಗೆಳತಿ ಅವತ್ತೇ ಅಂದಿದ್ದಳು. “ರಾಮ್ಸೇನ ನಾಯಿ ತಿಂದಾಗ ನಾನು ಖುಷಿಪಟ್ಟರೆ ಯಾರಿಗೇನು ನೋವಾಯ್ತು?” ಯಾರಿಗೂ ಇಲ್ಲ. ಕಥೆಯಲ್ಲಿ ಖುಷಿಪಟ್ಟವರೆಲ್ಲ ಕ್ರೂರಿಗಳು ಅಂತ ನಾನು ಹೇಳುತ್ತಿಲ್ಲ. ದುಷ್ಟ ಸತ್ತಾಗ ಚಪ್ಪಾಳೆ ತಟ್ಟುವ ಸುಖಕ್ಕೇ ಅಲ್ಲವಾ ನಾವು ಯಕ್ಷಗಾನ ನೋಡುವುದು, ಅಣ್ಣಾವ್ರ ಸಿನಿಮಾ ನೋಡುವುದು. ನನ್ನ ತಕರಾರು ಚಪ್ಪಾಳೆಯ ಬಗ್ಗೆ ಅಲ್ಲ, ಲೆಕ್ಕದ ಬಗ್ಗೆ.

ನಾಲ್ಕನೇ ಸೀಸನ್ನಿನಲ್ಲಿ ಮೀರೀನ್ ನಗರದ ಧಣಿಗಳು 163 ಗುಲಾಮ ಮಕ್ಕಳನ್ನು ದಾರಿಯುದ್ದಕ್ಕೂ ಕಂಬಕ್ಕೆ ಜಡಿದಿರುತ್ತಾರೆ. ಊರನ್ನು ಗೆದ್ದ ಡೆನೇರಿಸ್ ಸರಿಯಾಗಿ 163 ಧಣಿಗಳನ್ನು ಜಡಿಸುತ್ತಾಳೆ. ಅಂಕಿಗೆ ಅಂಕಿ ತಾಳೆಯಾಯಿತು, ನಮಗೆ ನ್ಯಾಯ ಆಯ್ತು ಅನ್ನಿಸಿತು. ಸ್ವಲ್ಪ ಎಪಿಸೋಡುಗಳಾದ ಮೇಲೆ ಹಿಜ್ದಾರ್ ಎಂಬ ಯುವಕ ಬಂದು ತಂದೆಯ ಹೆಣ ಇಳಿಸಲು ಅನುಮತಿ ಕೇಳುತ್ತಾನೆ. ಆ ಮಕ್ಕಳನ್ನು ಜಡಿಯಬೇಡಿ ಅಂತ ವಾದಿಸಿದವನು ಅವನ ತಂದೆ. ಅವನನ್ನೂ ಜಡಿದಿದ್ದರು. ಡೆನೇರಿಸ್‌ಳ ಬಳಿ ಸರಿಯಾದ ಉತ್ತರ ಇಲ್ಲ. ನಮ್ಮ ಬಳಿಯೂ ಇರಲಿಲ್ಲ. ಹಿಜ್ದಾರ್ ಬೋರು ಅಂತ ಮುಂದಕ್ಕೆ ಓಡಿಸಿದೆವು. 163 ಎಂಬುದು ಸತ್ತ ಮಕ್ಕಳ ಸಂಖ್ಯೆ. ಕೊಂದವರ ಸಂಖ್ಯೆ ಅದೇ ಆಗಿರಬೇಕು ಅಂತೇನಿಲ್ಲವಲ್ಲ. ಯಾರು ಮಾಡಿದರು ಎಂಬ ಪ್ರಶ್ನೆಯ ಜಾಗದಲ್ಲಿ ಎಷ್ಟು ಜನ ಎಂಬ ಉತ್ತರ ಬಂದು ಕೂತಿತು.

ಆ ಲೆಕ್ಕ ಪರದೆ ದಾಟಿ ಬಂದಾಗ ನನಗೆ ಭಯವಾಗುತ್ತದೆ. ಅದೇ 2019ರ ಡಿಸೆಂಬರ್ 6ರ ಬೆಳಿಗ್ಗೆ, ಹೈದರಾಬಾದ್ ಹತ್ತಿರ, ಯುವ ಪಶುವೈದ್ಯೆಯೊಬ್ಬರ ಅತ್ಯಾಚಾರ ಮತ್ತು ಕೊಲೆಯ ನಾಲ್ವರು ಆರೋಪಿಗಳು ಪೊಲೀಸರ ಗುಂಡಿಗೆ ಸತ್ತರು. ಆ ಅಪರಾಧದ ಭೀಕರತೆ ಬಗ್ಗೆ ಎರಡು ಮಾತಿಲ್ಲ. ಜನ ಪೊಲೀಸರ ಮೇಲೆ ಹೂವು ಸುರಿದರು. ಅಲ್ಲಿನ ಪೊಲೀಸ್ ಕಮಿಷನರ್ ಹುಬ್ಬಳ್ಳಿಯವರು ಅಂತ ನಮ್ಮ ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ಹೆಮ್ಮೆ ಬೇರೆ. ಸುಪ್ರೀಂ ಕೋರ್ಟ್ ನೇಮಿಸಿದ ಸಿರ್ಪುರ್ಕರ್ ಆಯೋಗ, ಆ ನಾಲ್ವರ ಮೇಲೆ ಸಾಯಿಸುವ ಉದ್ದೇಶದಿಂದಲೇ ಗುಂಡು ಹಾರಿಸಲಾಗಿತ್ತು ಎಂದು ವರದಿ ಕೊಟ್ಟದ್ದು 2022ರಲ್ಲಿ ಹೊರಬಂತು. ಅಷ್ಟರಲ್ಲಿ ಯಾರಿಗೂ ಅದು ಬೇಕಿರಲಿಲ್ಲ. ವಿಚಾರಣೆಯೇ ನಡೆಯದ್ದರಿಂದ ನಾಲ್ವರಲ್ಲಿ ಯಾರು ಏನು ಮಾಡಿದರು ಎಂಬುದು ಯಾವ ಕೋರ್ಟಿನಲ್ಲೂ ಸಾಬೀತಾಗದೆ ಉಳಿಯಿತು. ಆ ನಾಲ್ವರ ಬೀದಿಗೆ, ಅವರ ಮನೆಗಳಿಗೆ ಕ್ಯಾಮೆರಾ ಹೋಗಿದ್ದರೂ ನಾವು ಅಲ್ಲಿ ಹೆಚ್ಚು ಹೊತ್ತು ನಿಲ್ಲುತ್ತಿರಲಿಲ್ಲ ಅಂತ ನನ್ನ ಗುಮಾನಿ.

ಟಿವಿ ನೋಡಿದ್ದರಿಂದ ಜನ ಹೂವು ಸುರಿದರು ಅನ್ನುವುದು ಹುಚ್ಚುಮಾತು. ಹೂವು ಸುರಿದವರಲ್ಲಿ ಡೆನೇರಿಸ್ ಹೆಸರು ಕೇಳಿದವರೇ ಕಡಿಮೆ ಇರಬಹುದು. ಅಭ್ಯಾಸ ಒಂದೇ, ಅಷ್ಟು ಹೇಳುತ್ತೇನೆ. ‘ದ ಬೆಲ್ಸ್’ ನಮ್ಮಂಥವರಿಗೆ ಕೆರಳಿಸುವಂತೆ ಕಂಡದ್ದು ಆ ಅಭ್ಯಾಸವನ್ನು ಅರ್ಧಕ್ಕೆ ತಡೆದದ್ದರಿಂದ. ಎಂಟು ವರ್ಷ ನಮ್ಮನ್ನು ಡ್ರ್ಯಾಗನ್ ಬೆನ್ನ ಮೇಲೆ ಕೂರಿಸಿ ಊರೂರು ತೋರಿಸಿ, ಕೊನೆಗೆ ಹೇಳದೆ ಕೇಳದೆ ಬೀದಿಗೆ ಇಳಿಸಿಬಿಟ್ಟರು. ಇಳಿಸಿದ ರೀತಿ ಒರಟು. ಇನ್ನೆರಡು ಸೀಸನ್ ತೆಗೆದುಕೊಂಡು ಮೆಲ್ಲಗೆ ಇಳಿಸಿದ್ದರೆ ಸಿಟ್ಟು ಬರುತ್ತಿರಲಿಲ್ಲವೇ ಎಂದರೆ, ನನಗೆ ನಂಬಿಕೆ ಇಲ್ಲ. ಆಗ ನಾವು ಪ್ರತಿ ಹೆಜ್ಜೆಗೂ ಒಂದೊಂದು ಸಮರ್ಥನೆ ಹುಡುಕಿಕೊಂಡು ಅವಳ ಜೊತೆಗೇ ಹೋಗುತ್ತಿದ್ದೆವು.

ಗೆಳತಿ ಈಗ ‘ಹೌಸ್ ಆಫ್ ದ ಡ್ರ್ಯಾಗನ್’ ನೋಡುತ್ತಾಳೆ. ಇದರಲ್ಲಿ ಎಚ್‌ಬಿಒ ಮುಚ್ಚುಮರೆಯನ್ನೇ ಬಿಟ್ಟಿದೆ. 2024ರಲ್ಲಿ ಎರಡನೇ ಸೀಸನ್ನಿಗೆ ಮುಂಚೆ ಎರಡು ಬೇರೆ ಬೇರೆ ಟ್ರೇಲರ್ ಬಿಟ್ಟು, ಕಪ್ಪು ಪಕ್ಷವೋ ಹಸಿರು ಪಕ್ಷವೋ ಆರಿಸಿಕೊಳ್ಳಿ ಅಂದಿತು. ಅವಳು ಕಪ್ಪು. ಮೊದಲ ಎಪಿಸೋಡಿನಲ್ಲಿ ಸತ್ತ ಒಬ್ಬ ರಾಜಕುಮಾರನಿಗೆ ಬದಲಾಗಿ ಇನ್ನೊಬ್ಬ ರಾಜಕುಮಾರನನ್ನು ಕೊಲ್ಲಲು ಇಬ್ಬರನ್ನು ಅರಮನೆಗೆ ಕಳಿಸುತ್ತಾರೆ. ಬೇಕಾದವನು ಸಿಗುವುದಿಲ್ಲ, ತೊಟ್ಟಿಲ ವಯಸ್ಸು ದಾಟಿ ಸ್ವಲ್ಪ ದಿನವಾದ ಪುಟ್ಟ ಹುಡುಗನ ತಲೆ ಕತ್ತರಿಸುತ್ತಾರೆ. ಕೊಂದ ಇಬ್ಬರಲ್ಲಿ ಒಬ್ಬ ಅರಮನೆಯ ಇಲಿ ಹಿಡಿಯುವವನು. ಮುಂದಿನ ಎಪಿಸೋಡಿನಲ್ಲಿ ಮಗುವಿನ ತಂದೆ, ರಾಜ, ಯಾರೆಂದು ವಿಚಾರಿಸುವ ತಾಳ್ಮೆ ಇಲ್ಲದೆ ಇಲಿ ಹಿಡಿಯುವ ಎಲ್ಲರನ್ನೂ ಸಾಲಾಗಿ ನೇಣಿಗೆ ಹಾಕಿಸುತ್ತಾನೆ.

ಆ ವಾರ ಅಭಿಮಾನಿಗಳು ಮಗುವಿನ ಬಗ್ಗೆ ಮಾತಾಡಿದರು, ಎರಡು ಪಕ್ಷಗಳ ಲೆಕ್ಕ ಈಗ ಸರಿಹೋಯಿತಾ ಅಂತ ಜಗಳವಾಡಿದರು. ಎಲ್ಲರೂ ಒಮ್ಮತದಿಂದ ಮರುಗಿದ್ದು ಮಾತ್ರ ಒಂದು ನಾಯಿಗೆ. ಇಲಿ ಹಿಡಿಯುವವನು ಕೊಲೆಗೆ ಹೋಗುವಾಗ ತನ್ನ ನಾಯಿಗೆ ಒದೆಯುತ್ತಾನೆ. ಅದಕ್ಕೆ ಸಹಿಸಲಾರದಷ್ಟು ಸಿಟ್ಟು. “ನಾಯಿಗೆ ಯಾಕೋ ಒದೀಬೇಕಿತ್ತು?” ಅಂತ ಇವಳೂ ಮೆಸೇಜ್ ಕಳಿಸಿದ್ದಳು. ಒದ್ದವನನ್ನು ನೇಣಿಗೆ ಹಾಕಿದ ಮೇಲೆ ಆ ನಾಯಿ ಬರುತ್ತದೆ. ನೇತಾಡುತ್ತಿರುವ ಅಷ್ಟೂ ಹೆಣಗಳ ಕೆಳಗೆ, ತನ್ನವನ ಕಾಲ ಬಳಿ ಕೂತು, ತಲೆ ಎತ್ತಿ ನೋಡುತ್ತಿರುತ್ತದೆ.