ಋಣವೂ ಸರದಿಯೂ

ಶಿವಗಂಗೆಯ ಬೆಟ್ಟವು ಮೂಡಣದಿಂದ ನಂದಿಯಂತೆಯೂ, ಪಡುವಣದಿಂದ ಗಣಪತಿಯಂತೆಯೂ, ತೆಂಕಣದಿಂದ ಲಿಂಗದಂತೆಯೂ, ಬಡಗಣದಿಂದ ಹೆಡೆಯೆತ್ತಿದ ಸರ್ಪದಂತೆಯೂ ಕಾಣುವುದೆಂಬ ಮಾತು ಪ್ರಸಿದ್ಧವಾದುದು. ನಿಂತ ದಿಕ್ಕಿಗೆ ತಕ್ಕಂತೆ ಬೇರೆಬೇರೆಯಾಗಿ ತೋರುವ ಧರ್ಮಪ್ರಶ್ನೆಗಳೂ ಉಂಟು. ಅಂಥದೊಂದು ಈ ಸೀಮೆಯಲ್ಲಿಯೇ ಇದೆ. ಯಲಹಂಕದಲ್ಲಿ ವಾಯುಸೇನೆಯ ನೆಲೆಯಿದೆ. ಅದಕ್ಕೆ ಅನತಿದೂರದ ದೇವನಹಳ್ಳಿಯಲ್ಲಿ 2008ರಲ್ಲಿ ಹೊಸ ವಿಮಾನ ನಿಲ್ದಾಣವು ತೆರೆಯಿತು. ಮೊದಲನೆಯದನ್ನು ಬಿಟ್ಟು ಎರಡನೆಯದಕ್ಕೆ ಹೋಗಬಯಸುವ ವಿಮಾನ ಚಾಲಕನು ಮಾಡುವುದು ನ್ಯಾಯವೇ?

ಸೇನೆಯ ಕಡೆಯಿಂದ ನೋಡಿದರೆ, ಅವನ ವಿದ್ಯೆಯು ಪ್ರಜೆಗಳ ತೆರಿಗೆಯಿಂದ ಬಂದುದು. ಶಾಂತಿಕಾಲದಲ್ಲಿ ಅವನಿಗಾಗಿ ಮಾಡಿದ ವೆಚ್ಚವೆಲ್ಲವೂ ಸಂಕಟದ ಒಂದು ದಿನಕ್ಕಾಗಿ. ಅಲ್ಪಾವಧಿಯ ಚಾಲಕರಿಗೆ 14 ವರ್ಷಗಳ ಸೇವೆಯನ್ನು ಗೊತ್ತುಮಾಡಿದೆ. ಕಾಯಂ ಅಧಿಕಾರಿಗೆ 20 ವರ್ಷಗಳ ಸೇವೆಯ ಮೇಲೆ ಪಿಂಚಣಿಯುಂಟು. ಸಂಬಳದ ಆಸೆಯಿಂದ ನಡುವೆಯೇ ಬಿಟ್ಟುಹೋಗುವುದು ಕೊಟ್ಟ ಮಾತನ್ನು ಮುರಿದಂತೆಯೇ ಸರಿ.

ಅವನ ಮನೆಯ ಕಡೆಯಿಂದ ನೋಡಿದರೆ ಬೇರೆಯಾಗಿ ಕಾಣುವುದು. ಹಲವು ಕಂಪೆನಿಗಳಲ್ಲಿ ಹಿರಿತನವನ್ನು ಸೇರಿದ ದಿನದಿಂದ ಎಣಿಸುವರು. ಬಡ್ತಿ, ರಜೆ, ಊರಿನ ಆಯ್ಕೆ ಮೊದಲಾದುವು ಆ ಪಟ್ಟಿಯನ್ನು ಅನುಸರಿಸುವುವು. ಹಿಮಪರ್ವತಗಳ ನಡುವೆ ವಿಮಾನವನ್ನು ಇಳಿಸಿದವನೂ ನಾಗರಿಕ ಪರವಾನಗಿಯ ಪರೀಕ್ಷೆಯನ್ನು ಮುಗಿಸಿ, ತನಗಿಂತ ಹದಿನೈದು ವರ್ಷ ಕಿರಿಯನ ಕೆಳಗೆ ನಿಲ್ಲಬೇಕು. ಸೇನೆಯಲ್ಲಿ ಕಳೆದ ಒಂದೊಂದು ವರ್ಷವೂ ಅವನ ಮುಂದಿನ ಸಾಲನ್ನು ಬೆಳೆಯಿಸುವುದು. 65ನೆಯ ವಯಸ್ಸಿನ ಮಿತಿಯಾದರೋ ಅವನಿಗಾಗಿ ಕಾಯದು.

ಇಲ್ಲಿ ಎರಡು ಮಾತುಗಳನ್ನು ಗಮನಿಸಬೇಕು. ಋಣಕ್ಕೆ ಅವಧಿಯಿರಬೇಕು; ಅವಧಿಯಿಲ್ಲದ ಋಣವು ಜೀತವಾಗುವುದು. ಗೊತ್ತಾದ ಕಾಲವನ್ನು ಸಲ್ಲಿಸಿದವನನ್ನು ಹಣದಾಸೆಯವನೆಂದು ನಿಂದಿಸುವುದು ಅನ್ಯಾಯ. ಹಾಗೆಯೇ ಅವನ ತ್ಯಾಗದ ಬೆಲೆಯನ್ನು ಸಾಲಿನಲ್ಲಿ ನಿಂತ ಇತರರಿಂದ ಕೀಳುವುದೂ ಅನ್ಯಾಯವೇ. ಅಮೆರಿಕದ 1994ರ ಕಾನೂನು, ಉದ್ಯೋಗದಲ್ಲಿದ್ದು ಸೈನ್ಯಸೇವೆಗೆ ಹೋದವನು ಗೊತ್ತಾದ ಮಿತಿಯೊಳಗೆ ಹಿಂದಿರುಗಿದರೆ, ಎಂದೂ ಹೋಗದಿದ್ದವನಂತೆ ಅವನ ಹಿರಿತನವನ್ನು ಉಳಿಸಿಕೊಡುತ್ತದೆ. ಅದು ಯುಕ್ತವೇ, ಏಕೆಂದರೆ ಅವನು ಆ ಸಾಲಿನಲ್ಲಿ ಮೊದಲೇ ನಿಂತಿದ್ದವನು. ಹೊಸದಾಗಿ ಬರುವವನ ಸಂಗತಿ ಹಾಗಲ್ಲ. ಅವನ ಅನುಭವವನ್ನು ವೇತನದಲ್ಲಿ ಗೌರವಿಸಬಹುದು, ಬೋಧಕನ ಕೆಲಸವನ್ನು ಒಪ್ಪಿಸಬಹುದು. ಆದರೆ ಇನ್ನೊಬ್ಬನು ಕಾದು ಪಡೆದ ಸ್ಥಾನವನ್ನು ಅವನಿಗೆ ಕೊಡಲಾಗದು. ದೇಶವು ಅವನಿಗೆ ಏನಾದರೂ ಸಲ್ಲಿಸಬೇಕಾಗಿದ್ದರೆ ದೇಶವೇ ಅದನ್ನು ಸಲ್ಲಿಸತಕ್ಕದ್ದು.

ಬೇರೆ ಬೆಟ್ಟಗಳನ್ನು ಹತ್ತಿಬಂದ ಯಾತ್ರಿಕನೂ ಶಿವಗಂಗೆಯಲ್ಲಿ ಮೊದಲ ಮೆಟ್ಟಿಲಿನಿಂದಲೇ ಹತ್ತಬೇಕು. ಅದರಿಂದ ಅವನಿಗೆ ಅವಮಾನವಿಲ್ಲ. ಹಿಂದಿನ ಬೆಟ್ಟಗಳು ಕೊಟ್ಟ ಕಾಲಿನ ಬಲವು ಅವನಲ್ಲಿಯೇ ಉಳಿದಿರುವುದು. ಅವನಿಗಿಂತ ಮೊದಲು ಹೊರಟವರ ದಾರಿಗೂ ಅಡ್ಡಿಯಾಗದು.