ಫಿನ್ನಿಗೆ ಚರ್ಮವಿಲ್ಲ

ನಾನು ಹವಳ ಮುರಿದೆ ಅನ್ನುವುದು ನನಗೆ ಗೊತ್ತಾದದ್ದು ಮುರಿದು ಏಳು ಗಂಟೆಯಾದ ಮೇಲೆ. ಅಂಡಮಾನಿನ ಸ್ವರಾಜ್ ದ್ವೀಪ. ಅಲ್ಲಿಯವರ ಬಾಯಲ್ಲಿ ಈಗಲೂ ಹ್ಯಾವ್‌ಲಾಕ್. ಸಂಜೆ ನಾವು ಇಳಿದುಕೊಂಡಿದ್ದ ಕೋಣೆಯ ಜಗಲಿಯಲ್ಲಿ ಕೂತು, ಬೆಳಿಗ್ಗೆ ಮಗಳು ನೀರಿನೊಳಗೆ ತೆಗೆದ ವಿಡಿಯೊ ನೋಡುತ್ತಿದ್ದೆವು. "ಅಮ್ಮ, ಇರು, ಇಲ್ಲಿ ನೋಡು" ಎಂದು ಅವಳು ಬೆರಳಲ್ಲಿ ಹಿಂದಕ್ಕೆ ಎಳೆದಳು.

ಪರದೆಯ ಮೇಲೆ ನಾನಿದ್ದೇನೆ. ಬಿಳಿ ಪಟ್ಟೆಯ ಕಿತ್ತಳೆ ಮೀನೊಂದು ಅನಿಮೋನಿನ ಎಳೆಗಳೊಳಗೆ ನುಸುಳಾಡುವುದನ್ನು ಬಾಗಿ ನೋಡುತ್ತಿದ್ದೇನೆ. ಮಾಸ್ಕಿನ ಹಿಂದೆಯೂ ಕಾಣುವಷ್ಟು ಭಕ್ತಿ ಮುಖದಲ್ಲಿ. ಅದೇ ಹೊತ್ತಿಗೆ, ನನ್ನ ಬೆನ್ನ ಹಿಂದೆ, ಬಲಗಾಲಿನ ಫಿನ್ನು ಕವಲು ಕವಲಾಗಿ ಬೆಳೆದ ಹವಳದ ಪೊದೆಯೊಂದಕ್ಕೆ ಬಡಿಯುತ್ತದೆ. ಬೆರಳುದ್ದದ ಎರಡು ತುಂಡು ಕಳಚಿ, ತಿರುಗುತ್ತ ತಿರುಗುತ್ತ ಮರಳಿಗೆ ಬೀಳುತ್ತವೆ. ಬೂದಿಯಂಥ ಸಣ್ಣ ಮೋಡ ಏಳುತ್ತದೆ. ನಾನು ಮೀನನ್ನೇ ನೋಡುತ್ತಿದ್ದೇನೆ.

ಏನಾದರೂ ತಾಗಿತೇ ಎಂದು ಎಷ್ಟು ನೆನೆಸಿಕೊಂಡರೂ ನೆನಪಿಗೆ ಬರಲಿಲ್ಲ. ತಾಗುವುದಾದರೂ ಹೇಗೆ? ಫಿನ್ನು ರಬ್ಬರು ಪ್ಲಾಸ್ಟಿಕ್ಕಿನದು. ಅಂಗಾಲು ಮುಗಿದ ಮೇಲೂ ಮೊಳದಷ್ಟು ಮುಂದಕ್ಕೆ ಚಾಚಿಕೊಂಡಿರುತ್ತದೆ. ಅದರಿಂದ ನಮ್ಮ ಬಲ ಹೆಚ್ಚುತ್ತದೆ. ಆದರೆ ಅದಕ್ಕೆ ಚರ್ಮವಿಲ್ಲ.

ಐವತ್ತೆರಡರ ವಯಸ್ಸಿಗೆ ಕಡಲಿನ ತಳ ನೋಡುವ ಹುಚ್ಚು ನನ್ನದಲ್ಲ, ಮಗಳದು. ಅವಳು ಮೊದಲೇ ಕಲಿತವಳು. ಒಂದು ಸಲ ಇಳಿದು ಹತ್ತುವುದಕ್ಕೆ ಬದಲು ನಾಲ್ಕು ದಿನದ ಕೋರ್ಸನ್ನೇ ಮಾಡಿಸುತ್ತೇನೆ ಎಂದು ಹಟ ಹಿಡಿದಳು. ನಾನು ಬಿ.ಪಿ. ಮಾತ್ರೆಯವಳು, ಹಾಗಾಗಿ ಅರ್ಜಿಗೆ ಡಾಕ್ಟರ ಸಹಿ ಬೇಕಾಯಿತು. ಈಜು ಬರುತ್ತಿತ್ತು, ಚಿಕ್ಕಂದಿನಲ್ಲಿ ಬೆನ್ನಿಗೆ ಬೆಂಡು ಕಟ್ಟಿಕೊಂಡು ಊರ ಕೆರೆಯಲ್ಲಿ ಕಲಿತದ್ದು. ಇಲ್ಲಿ ಬೆಂಡಿನ ಬದಲು ಸೊಂಟಕ್ಕೆ ಸೀಸ ಕಟ್ಟಿದರು. ಕಲಿಸಿದ ಹುಡುಗನ ತಾತ ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದು, 1950ರ ದಶಕದಲ್ಲಿ ಇಲ್ಲಿ ಕಾಡು ಕಡಿದು ಭೂಮಿ ಮಾಡಿಕೊಂಡವರು. ತಾತ ಭತ್ತ ಬೆಳೆದ ದ್ವೀಪದಲ್ಲಿ ಮೊಮ್ಮಗ ನಮ್ಮಂಥವರನ್ನು ನೀರಿಗಿಳಿಸಿ ಮೇಲೆತ್ತುತ್ತಾನೆ.

ಸ್ಕೂಬಾ ಅಂದರೆ ಧೈರ್ಯದ ಆಟ ಎಂದು ನಾನೂ ಅಂದುಕೊಂಡಿದ್ದೆ. ಧೈರ್ಯಕ್ಕೆ ಅಲ್ಲಿ ಮೊದಲ ಹತ್ತು ನಿಮಿಷದ ಕೆಲಸವಷ್ಟೆ. ಬೆನ್ನಿನ ಸಿಲಿಂಡರಿನಲ್ಲಿರುವುದು ಬರೀ ಆಮ್ಲಜನಕವೂ ಅಲ್ಲ, ನಾವು ಉಸಿರಾಡುವ ಇದೇ ಗಾಳಿಯನ್ನು ಒತ್ತಿ ತುಂಬಿರುತ್ತಾರೆ. ಹತ್ತು ಮೀಟರ್ ಕೆಳಗೆ ಹೋದರೆ ಒತ್ತಡ ಮೇಲಿನದಕ್ಕಿಂತ ಎರಡು ಪಟ್ಟು. ಅಲ್ಲಿಂದ ಉಸಿರು ಕಟ್ಟಿಕೊಂಡು ಮೇಲೇರಿದರೆ ಶ್ವಾಸಕೋಶದೊಳಗಿನ ಗಾಳಿ ಹಿಗ್ಗಿ ಅದನ್ನೇ ಹರಿಯಬಹುದು. ಅದಕ್ಕೇ ಮೊದಲ ಪಾಠ: ಉಸಿರು ಹಿಡಿಯಬೇಡಿ, ಎಂದೂ ಹಿಡಿಯಬೇಡಿ. ಇಪ್ಪತ್ತು ವರ್ಷದಿಂದ ಬೆಳಿಗ್ಗೆ ಪ್ರಾಣಾಯಾಮ ಮಾಡುವ ನನಗೆ ಇದು ವಿಚಿತ್ರವಾಗಿ ಕೇಳಿಸಿತು. ಪೂರಕ ಸರಿ, ರೇಚಕ ಸರಿ, ಕುಂಭಕ ಮಾತ್ರ ಮಹಾಪರಾಧ!

ಇಷ್ಟು ಒಂದು ದಿನದಲ್ಲಿ ಬಂತು. ಬಾರದೇ ಹೋದದ್ದು ಸುಮ್ಮನಿರುವುದು. ಮುಳುಗಲೂಬಾರದು, ಮೇಲೇಳಲೂಬಾರದು, ತಳದಿಂದ ಎರಡು ಮೊಳ ಮೇಲೆ, ನೆಲಕ್ಕೆ ಸಮನಾಗಿ ಮಲಗಿದಂತೆ ನಿಲ್ಲಬೇಕು. ಕೈಯಾಡಿಸಿದರೆ ಕೆಟ್ಟಿತು. ಏರಿಳಿತವೆಲ್ಲ ಉಸಿರಿನಿಂದಲೇ ನಡೆಯಬೇಕು: ಎಳೆದುಕೊಂಡರೆ ಒಂದು ಗೇಣು ಏರುತ್ತೀರಿ, ಬಿಟ್ಟರೆ ಒಂದು ಗೇಣು ಇಳಿಯುತ್ತೀರಿ. ಪಳಗಿದವರು ಪದ್ಮಾಸನ ಹಾಕಿಕೊಂಡು ನೀರಿನ ನಡುವೆ ಕೂತಿರುತ್ತಾರೆ; ಮಗಳು ಹಾಗೆ ಕೂತದ್ದನ್ನು ನೋಡಿ ಹೊಟ್ಟೆಕಿಚ್ಚಾಯಿತು. ನನ್ನ ಕಾಲು ಕೆಳಕ್ಕೇ ಜೋಲುತ್ತಿತ್ತು.

ಜೋಲುವ ಕಾಲು ಮಾಡುವ ಅನಾಹುತ ಸಣ್ಣದಲ್ಲ. ಹವಳ ಕಲ್ಲೂ ಅಲ್ಲ, ಗಿಡವೂ ಅಲ್ಲ, ಪ್ರಾಣಿ. ಒಂದು ಪೊದೆಯಲ್ಲಿ ಸಾವಿರಾರು ಪುಟ್ಟ ಜೀವಗಳು ತಾವೇ ಕಟ್ಟಿದ ಸುಣ್ಣದ ಗೂಡಿನ ಮೇಲೆ ತೆಳುವಾದ ಪದರವಾಗಿ ಹರಡಿಕೊಂಡಿರುತ್ತವೆ. ಅವುಗಳ ಮೈಯೊಳಗೆ ಸೂಕ್ಷ್ಮ ಪಾಚಿಗಳ ಒಕ್ಕಲು. ಬಣ್ಣ ಅವುಗಳದ್ದು, ಊಟದ ಬಹುಪಾಲೂ ಅವುಗಳದ್ದೇ. ಕವಲುಹವಳ ಬೇಗ ಬೆಳೆಯುತ್ತದೆ ಅಂದರೆ ವರ್ಷಕ್ಕೆ ಹೆಚ್ಚೆಂದರೆ 10 ಸೆಂಟಿಮೀಟರ್ ಆಸುಪಾಸು. ಗುಂಡುಗುಂಡಾದ ಹವಳ ವರ್ಷಕ್ಕೆ 1 ಸೆಂಟಿಮೀಟರ್ ಬೆಳೆದರೆ ದೊಡ್ಡದು. ಮುರಿಯುವುದೇ ಬೇಕಿಲ್ಲ, ಫಿನ್ನು ಎಬ್ಬಿಸಿದ ಮರಳು ಮೇಲೆ ಕೂತರೂ ಉಸಿರು ಕಟ್ಟುತ್ತದೆ.

"ಗಿಳಿಮೀನುಗಳು ದಿನವಿಡೀ ಹವಳ ಅಗೀತಾನೇ ಇರ್ತಾವೆ, ನೀನು ಮುರಿದದ್ದು ಯಾವ ಲೆಕ್ಕ" ಎಂದು ಮಗಳು ಸಮಾಧಾನ ಮಾಡಿದಳು. ನಿಜವೇ. ನಾವು ಮೆಚ್ಚಿ ಓಡಾಡುವ ಬಿಳಿ ಮರಳಿನಲ್ಲಿ ದೊಡ್ಡ ಪಾಲು ಗಿಳಿಮೀನು ಅಗಿದು ನುಂಗಿ ಹೊರಹಾಕಿದ್ದು. ಆದರೆ ಅದು ಅಗಿಯುವುದು ಹೊಟ್ಟೆಪಾಡಿಗೆ. ಹಾಗೆ ಕೆರೆದು ಪಾಚಿ ತೆಗೆದರೇ ಹೊಸ ಹವಳಕ್ಕೆ ಜಾಗ. ನಾನು ರಜೆಗೆ ಬಂದವಳು.

ಮಾರನೆಯ ದಿನ ಆ ಹುಡುಗನಿಗೆ ಫೋನು ತೋರಿಸಿ ತಪ್ಪೊಪ್ಪಿಕೊಂಡೆ. ಬೈಯಲಿಲ್ಲ. "ಎಲ್ಲರೂ ಒದೀತಾರೆ ಮ್ಯಾಡಮ್, ನಾನೂ ಒದ್ದಿದ್ದೇನೆ. ತುಂಡು ಗಟ್ಟಿ ಜಾಗದಲ್ಲಿ ಬಿದ್ದರೆ ಅಂಟಿಕೊಂಡು ಮತ್ತೆ ಬೆಳೀಬಹುದು" ಅಂದ. ವಿಡಿಯೊವನ್ನು ಇನ್ನೊಮ್ಮೆ ನೋಡಿ, "ಇದು ಮರಳಿನ ಮೇಲೆ ಬಿತ್ತು" ಅಂದ. ಆಮೇಲೆ ನನ್ನ ಸೊಂಟದ ಪಟ್ಟಿ ಬಿಚ್ಚಿ ಎರಡು ಕಿಲೋ ಸೀಸ ತೆಗೆದ. ಎಲ್ಲಿ ತೇಲಿಬಿಡುತ್ತೇನೋ ಎಂಬ ಹೆದರಿಕೆಗೆ ನಾನೇ ಕೇಳಿ ಹಾಕಿಸಿಕೊಂಡ ತೂಕ ಅದು. ಕಾಲು ಜೋಲಲು ಅದೇ ಕಾರಣವಾಗಿತ್ತು. ಆ ದಿನ ಅವನು ಹವಳದ ಹತ್ತಿರ ಬಿಡಲಿಲ್ಲ. ಬೋಳು ಮರಳಿನ ಮೇಲೆ ಅರ್ಧ ಗಂಟೆ ತೇಲಿಸಿದ, ಕಪ್ಪೆಯಂತೆ ಕಾಲು ಅಗಲಿಸಿ ಒದೆಯಲು ಹೇಳಿದ. ಕಪ್ಪೆ ಈಜು ನನಗೆ ಕೆರೆಯ ಕಾಲದಿಂದ ಗೊತ್ತಿತ್ತು, ಮರೆತಿದ್ದೆ.

ಮರಳಿನ ಮೇಲೆ ಹಾಗೆ ತೇಲುತ್ತಿದ್ದಾಗ ನೆನಪಾದದ್ದು ನಮ್ಮ ಕಡೆಯ ಮುನಿಗಳು. ನಾವು ಜೈನರಲ್ಲ, ಆದರೆ ಚನ್ನರಾಯಪಟ್ಟಣದವರು. ಶ್ರವಣಬೆಳಗೊಳ ಹತ್ತು ಹನ್ನೆರಡು ಕಿಲೋಮೀಟರ್. 1981ರ ಮಹಾಮಸ್ತಕಾಭಿಷೇಕದ ಹೊತ್ತಿಗೆ ನನಗೆ ಒಂಬತ್ತು ವರ್ಷ. ಮೂರ್ತಿಗೆ ಸಾವಿರ ವರ್ಷ ತುಂಬಿದ ಸಂಭ್ರಮ. ದೂರದೂರದಿಂದ ದಿಗಂಬರ ಮುನಿಗಳು ನಡೆದು ಬರುತ್ತಿದ್ದರು. ಒಂದು ಕೈಯಲ್ಲಿ ಕಮಂಡಲು, ಇನ್ನೊಂದರಲ್ಲಿ ನವಿಲುಗರಿಯ ಪಿಂಛಿ. ಕೂರುವ ಮುಂಚೆ ಪಿಂಛಿಯಿಂದ ನೆಲ ಸವರುತ್ತಿದ್ದರು, ಇರುವೆಗೆ ನೋವಾಗದಷ್ಟು ಹಗುರವಾಗಿ. ನಡೆಯುವಾಗ ಕಣ್ಣು ನಾಲ್ಕು ಮೊಳ ಮುಂದಿನ ನೆಲದ ಮೇಲೆ. ಜನ ಜೈಕಾರ ಹಾಕುತ್ತಿದ್ದರೂ ಆ ಕಣ್ಣು ಮೇಲೇಳುತ್ತಿರಲಿಲ್ಲ. ಇದು ಜಂಭವೇನೋ ಎಂದು ಆಗ ನನಗೆ ಅನುಮಾನ.

ಆ ನಡಿಗೆಗೆ ಈರ್ಯಾಸಮಿತಿ ಎಂದು ಹೆಸರು. ವಸ್ತುವನ್ನು ಎತ್ತುವ, ಇಡುವ ಎಚ್ಚರಕ್ಕೆ ಆದಾನನಿಕ್ಷೇಪಣ ಸಮಿತಿ. (ಸಮಿತಿ ಅಂದರೆ ನಮಗೆ ಈಗ ವರದಿ ಕೊಡಲು ಗಡುವು ಕೇಳುವ ಗುಂಪು ನೆನಪಾಗುತ್ತದೆ, ಅಲ್ಲಿ ಅದರ ಅರ್ಥ ಎಚ್ಚರ.) ಅಹಿಂಸೆ ಮಹಾವ್ರತ, ಸರಿ. ಆದರೆ ವ್ರತ ತೊಟ್ಟರಷ್ಟೇ ಇರುವೆ ಉಳಿಯುವುದಿಲ್ಲ ಎಂದು ಆ ಹಿರಿಯರಿಗೆ ಗೊತ್ತಿತ್ತು. ಹಾಗಾಗಿ ಕಾಲಿಗೆ ಕಲಿಸಿದರು, ಕೈಗೆ ಕಲಿಸಿದರು. ನನ್ನ ವಿಡಿಯೊದಲ್ಲಿ ಮನಸ್ಸಿಗೇನೂ ಕೊರತೆಯಿರಲಿಲ್ಲ. ಅಷ್ಟು ಪ್ರೀತಿಯಿಂದ ನಾನು ಯಾವ ಮೀನನ್ನೂ ನೋಡಿದವಳಲ್ಲ. ಕೊರತೆಯಿದ್ದದ್ದು ಕಾಲಿನಲ್ಲಿ. ಒಳ್ಳೆಯವರಾಗಿರುವುದು ಬೇರೆ, ನಿರುಪದ್ರವಿಯಾಗಿರುವುದು ಬೇರೆ. ಎರಡನೆಯದು ಒಂದು ಕಸುಬು. ಮಗ್ಗ ಕಲಿತಂತೆ, ಕೈ ಕೂರುವವರೆಗೂ ಕಲಿಯಬೇಕು.

ಪೆಸಿಫಿಕ್ ಸಾಗರದ ಪಲಾವ್ ಎಂಬ ಪುಟ್ಟ ದೇಶ 2017ರಿಂದ ಪ್ರವಾಸಿಗರ ಪಾಸ್‌ಪೋರ್ಟಿನ ಮೇಲೆ ಒಂದು ಪ್ರತಿಜ್ಞೆಯನ್ನೇ ಮುದ್ರೆಯೊತ್ತುತ್ತಿದೆ. ಅಲ್ಲಿಯ ಮಕ್ಕಳಿಗೆ ಮಾತು ಕೊಟ್ಟಂತೆ, ನಿಮ್ಮ ದ್ವೀಪಕ್ಕೆ ಹಾನಿ ಮಾಡುವುದಿಲ್ಲ ಎಂದು ಸಹಿ ಹಾಕಬೇಕು. ಕೆರಿಬಿಯನ್ನಿನ ಬೊನೇರ್ ದ್ವೀಪದಲ್ಲಿ 1979ರಿಂದ ಕಡಲ ಉದ್ಯಾನವಿದೆ. ಅಲ್ಲಿ ಬರೀ ಪ್ರತಿಜ್ಞೆ ಸಾಲದು. ಎಷ್ಟು ನುರಿತವರಾದರೂ ಮೊದಲ ಇಳಿತ ಪರೀಕ್ಷೆಯದೇ ಆಗಬೇಕು, ತೇಲಲು ಬರುತ್ತದೋ ಇಲ್ಲವೋ ತೋರಿಸಬೇಕು. ಕೈಗವಸಿಗೂ ಅಲ್ಲಿ ನಿಷೇಧ, ಗವಸಿದ್ದರೆ ಮುಟ್ಟುವ ಧೈರ್ಯ ಬರುತ್ತದೆಂದು. ಪಲಾವ್‌ನದ್ದು ಕಣ್ಣು ತೇವವಾಗುವಂಥ ಕ್ರಮ. ಆದರೆ ನನ್ನ ಮತ ಬೊನೇರಿಗೆ. ಹವಳ ಮುರಿದ ಬೆಳಿಗ್ಗೆ ಯಾರಾದರೂ ಕೇಳಿದ್ದರೆ ನಾನು ಹತ್ತು ಪ್ರತಿಜ್ಞೆಗೆ ಸಹಿ ಹಾಕುತ್ತಿದ್ದೆ.

ಇದನ್ನು ಬರೆಯುವ ಹೊತ್ತಿಗೆ ಇನ್ನೊಂದು ನೆನಪು ಬಂದು ಕೂತಿದೆ. ಇಪ್ಪತ್ತೆಂಟು ವರ್ಷ ಮೇಷ್ಟ್ರ ಕೆಲಸ ಮಾಡಿದವಳು ನಾನು. ಕೆಲವು ವರ್ಷದ ಹಿಂದೆ ಹಾಸನದಲ್ಲಿ ಒಂದು ಮದುವೆ ಊಟದ ಪಂಕ್ತಿಯಲ್ಲಿ ಹಳೆಯ ವಿದ್ಯಾರ್ಥಿನಿಯೊಬ್ಬಳು ಪಕ್ಕದಲ್ಲಿ ಕೂತಳು. ಮಾತಾಡುತ್ತ ಆಡುತ್ತ ನಗುತ್ತಲೇ ಹೇಳಿದಳು: "ಮೇಡಂ, ನೀವು ಒಂದ್ಸಲ ನನ್ನ ನೋಟ್ಸ್ ಎತ್ತಿ ಹಿಡಿದು, ಇದು ಕನ್ನಡವೋ ಕೋಳಿ ಕೆದಕಿದ್ದೋ ಅಂತ ಇಡೀ ಕ್ಲಾಸಿಗೆ ತೋರಿಸಿದ್ರಿ. ಆಮೇಲೆ ನಾನು ನಿಮ್ಮ ಕ್ಲಾಸಲ್ಲಿ ಬಾಯಿ ಬಿಡಲೇ ಇಲ್ಲ." ನನಗೆ ಸುತಾರಾಂ ನೆನಪಿಲ್ಲ. ಕ್ಲಾಸು ನಗುವಂತೆ ಪಾಠ ಮಾಡುತ್ತೇನೆ ಎಂಬ ಹೆಮ್ಮೆ ಇದ್ದ ಕಾಲ ಅದು. ನಾನು ಮುಂದಿನ ಬೆಂಚಿನ ಹೊಳೆಯುವ ಕಣ್ಣುಗಳನ್ನು ನೋಡುತ್ತಿದ್ದಿರಬೇಕು. ಮೇಜಿನ ಹಿಂದೆ ನಿಂತವರ ಮಾತಿಗೆ ಉದ್ದ ಹೆಚ್ಚು, ಅದರ ತುದಿಗೆ ಸ್ಪರ್ಶ ಕಡಿಮೆ. ಆ ಇಪ್ಪತ್ತೆಂಟು ವರ್ಷ ಹಿಂದಿನಿಂದ ವಿಡಿಯೊ ತೆಗೆಯುವವರು ಯಾರೂ ಇರಲಿಲ್ಲ.

ಇಷ್ಟಾದರೂ ಅಂಡಮಾನಿನ ಹವಳಕ್ಕೆ ಡೈವರುಗಳ ಕಾಲು ಒಂದು ಸಣ್ಣ ಶತ್ರು ಎಂದು ಒಪ್ಪಲೇಬೇಕು. ದೊಡ್ಡದು ಶಾಖ. ಬೇಸಗೆಯ ಮಾಮೂಲಿ ಗರಿಷ್ಠಕ್ಕಿಂತ ಒಂದು ಡಿಗ್ರಿ ಹೆಚ್ಚು ಬಿಸಿ ಕೆಲವು ವಾರ ನಿಂತರೂ ಸಾಕು, ಹವಳ ತನ್ನೊಳಗಿನ ಪಾಚಿಯನ್ನು ಹೊರದೂಡಿ ಬೆಳ್ಳಗಾಗುತ್ತದೆ. ಬಿಸಿ ಇಳಿಯದಿದ್ದರೆ ಹಸಿದು ಸಾಯುತ್ತದೆ. 1998ರಲ್ಲಿ ಹೀಗಾಯಿತು, 2010ರಲ್ಲಿ ಅಂಡಮಾನಿನಲ್ಲಿ ತೀವ್ರವಾಗಿ ಆಯಿತು. 2024ರ ಏಪ್ರಿಲಿನಲ್ಲಿ ವಿಜ್ಞಾನಿಗಳು ನಾಲ್ಕನೆಯ ಸಲ ಇದನ್ನು ಜಗದ್ವ್ಯಾಪಿ ಎಂದು ಘೋಷಿಸಿದರು. ಬೆಂಗಳೂರಿನಿಂದ ವಿಮಾನದಲ್ಲಿ ಹಾರಿ ಹವಳ ನೋಡಲು ಹೋದವಳು ಈ ಲೆಕ್ಕದಲ್ಲಿ ಎಲ್ಲಿ ನಿಲ್ಲುತ್ತಾಳೆ ಎಂದು ನೀವು ಕೇಳಬಹುದು. ಕೇಳಿ. ಕಡಲನ್ನೇ ನೋಡದವರ ಕಾರು, ಏಸಿಗಳೂ ಅಲ್ಲಿಗೆ ತಲುಪುವಷ್ಟು ಉದ್ದದ ಫಿನ್ನುಗಳೇ ಎಂಬುದಷ್ಟೇ ನನ್ನ ಉತ್ತರ, ಅದು ಸಮರ್ಥನೆಯಲ್ಲ.

ಮುನಿಗಳು ಮಳೆಗಾಲದ ನಾಲ್ಕು ತಿಂಗಳು ಊರಿಂದೂರಿಗೆ ನಡೆಯುವುದಿಲ್ಲ. ಹಸಿ ನೆಲದಲ್ಲಿ ಹುಳುಹುಪ್ಪಟೆ ಹೆಚ್ಚು, ಎಷ್ಟು ಎಚ್ಚರವಿದ್ದರೂ ಸಾಲದು. ಎಚ್ಚರ ಸೋಲುವ ಹೊತ್ತಿನಲ್ಲಿ ನಿಂತುಬಿಡುವುದೂ ಎಚ್ಚರವೇ. ಥಾಯ್ಲೆಂಡ್ ಇದನ್ನು ತನ್ನ ರೀತಿಯಲ್ಲಿ ಮಾಡುತ್ತದೆ: ಸಿಮಿಲಾನ್ ದ್ವೀಪಗಳನ್ನು ಪ್ರತಿವರ್ಷ ಮೇ ನಡುವಿನಿಂದ ಅಕ್ಟೋಬರ್ ನಡುವಿನವರೆಗೆ ಮುಚ್ಚುತ್ತದೆ. ಒಂದು ಸಿನಿಮಾದಿಂದ ಹೆಸರಾಗಿ ಜನ ಮುಗಿಬಿದ್ದ ಮಾಯಾ ಬೇ ಕೊಲ್ಲಿಯನ್ನಂತೂ 2018ರಲ್ಲಿ ಮುಚ್ಚಿದವರು 2022ರ ಜನವರಿಯವರೆಗೂ ಬಾಗಿಲು ತೆಗೆಯಲಿಲ್ಲ. ಅಷ್ಟರಲ್ಲಿ ಕಪ್ಪು ತುದಿಯ ಶಾರ್ಕ್‌ಗಳು ಆ ಕೊಲ್ಲಿಗೆ ಮರಳಿದ್ದವು. ವ್ಯಾಪಾರದ ನಷ್ಟ ನುಂಗಿಕೊಂಡು ಚಾತುರ್ಮಾಸ ಹಿಡಿದ ಆ ಕೊಲ್ಲಿಗೆ ನನ್ನ ನಮಸ್ಕಾರ.

ವಾಪಸ್ ಬರುವಾಗ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಒಂದು ಟ್ರೇ ತುಂಬ ಶಂಖ, ಚಿಪ್ಪು, ಹವಳದ ತುಂಡು. ಜನರ ಬ್ಯಾಗಿನಿಂದ ತೆಗೆಸಿ ಇಟ್ಟದ್ದು. ಹವಳ 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ, ಅಂದರೆ ಕಾನೂನಿನ ಕಣ್ಣಲ್ಲಿ ಹುಲಿಯ ಪಕ್ಕದಲ್ಲಿ. "ಸತ್ತದ್ದು ತಾನೇ, ದಡದಲ್ಲಿ ಬಿದ್ದಿತ್ತು, ಮಗುವಿಗೆ ತೋರಿಸೋಣ ಅಂತ ಎತ್ಕೊಂಡೆ" ಎಂದು ಒಬ್ಬಾಕೆ ಹಿಂದಿಯಲ್ಲಿ ಅಂಗಲಾಚುತ್ತಿದ್ದಳು. ಕಳ್ಳಿಯಂತೆ ಕಾಣಲಿಲ್ಲ. ಸಾಲಿನಲ್ಲಿ ಆಕೆಯ ಹಿಂದೆ ನಿಂತು ನಾನು ತಲೆ ತಗ್ಗಿಸಿದೆ.

ಕೋರ್ಸಿನ ಕೊನೆಗೆ ಒಂದು ಲಾಗ್‌ಬುಕ್ ಕೊಡುತ್ತಾರೆ. ಪ್ರತಿ ಇಳಿತದ ಲೆಕ್ಕ ನಾವೇ ಬರೆಯಬೇಕು, ಕಲಿಸಿದವರು ಸಹಿ ಮಾಡುತ್ತಾರೆ. ನಾಲ್ಕನೆಯ ಇಳಿತದ ಪುಟವನ್ನು ನಾನು ಅಂದೇ ಬರೆಯದೆ, ರಾತ್ರಿ ಮಗಳ ವಿಡಿಯೊವನ್ನು ಮೊದಲಿನಿಂದ ಕೊನೆಯವರೆಗೆ ಎರಡು ಸಲ ನೋಡಿ, ಮರುದಿನ ಬರೆದೆ. ಆಳ 16 ಮೀಟರ್. ಸಮಯ 38 ನಿಮಿಷ. ಉಳಿದ ಗಾಳಿ 60 ಬಾರ್. ಷರಾ: ಒಂದು ಸಲ ತಾಗಿತು.